ಗಾಡಿ ಬಿಟ್ಟು ಹೋಗಿ ಅಮ್ಮಾ

ಆಲ್ಟ್... ಆಲ್ಟರ್... ತಡಿ ತಡಿ, ನೀನು ಹೇಳ್ಬೇಡ! ನಾನೇ ಹೇಳ್ತೀನಿ. ಆಲ್ಟರ್... ನೇಟರ್! ಹಾಂ! ಬಂತು ನೋಡು. ಯಾಕೆ ನಗ್ತೀಯ? ನಿಮ್ಮ ತಾತನ ಬೆನ್ನು ಹಿಡಿದು ಊರು ಬಿಟ್ಟು ಇಲ್ಲಿಗೆ ಬಂದಾಗ ಇಲ್ಲಿಯವರ ಒಂದು ಮಾತೂ ನನಗೆ ಬರ್ತಿರ್ಲಿಲ್ಲ ಕಣೇ. ಮೊದಲು ಕಲಿತಿದ್ದೇ ಇವು. ಆಲ್ಟರ್ನೇಟರು, ಫ್ಯಾನ್ ಬೆಲ್ಟು, ಫ್ಯೂಸು... ಅಂಗಡಿಗೆ ಹೋದ್ರೆ ಉಪ್ಪು ಕೇಳೋಕೆ ಬರ್ತಿರ್ಲಿಲ್ಲ, ಬೆಲ್ಟು ಕೇಳೋಕೆ ಬರ್ತಿತ್ತು!

ಬೇಡ, ತಾತನ್ನ ಕರೀಬೇಡ. ಅಲ್ಲೇ ಬೆಂಚಿನ ಮೇಲೆ ಬಿಸಿಲು ಕಾಯಿಸ್ಕೊಂಡು ಕೂತಿರ್ಲಿ. ಇಷ್ಟು ವರ್ಷ ಊರಿನವರ ಗಾಡಿಗೆಲ್ಲ ವೈರಿಂಗ್ ಮಾಡಿ ಸಾಕಾಗಿದೆ ಅವರಿಗೆ. ಈ ಹಳೇ ಕಾರನ್ನ ನಾವಿಬ್ಬರೇ ನೋಡಿಬಿಡೋಣ. ನಿಮ್ಮಮ್ಮ ನಾಳೆ ಗುಜರಿಯವನ್ನ ಕಳಿಸ್ತೀನಿ ಅಂದಿದ್ದಾಳೆ. ಅಷ್ಟರೊಳಗೆ ಗಾಡಿ ಓಡಿದ್ರೆ ಬಾಯಿ ಮುಚ್ಕೋತಾಳೆ... ಇಲ್ಲಾಂದ್ರೆ ಇದೂ ಹೋಯ್ತು.

ಬ್ಯಾಟರಿ ಟರ್ಮಿನಲ್ ನೋಡ್ದ್ಯಾ? ಹಸಿರು ಬೂಷ್ಟು ಇಲ್ಲ ತಾನೆ? ಹೆಂಗಿರುತ್ತೆ, ಮೊನ್ನೆ ಮೊನ್ನೆ ನೀನೇ ಹೊಸದು ಹಾಕ್ಸಿದ್ದು. ಪಾಪ... ಈಗ ಬೆಲ್ಟು. ಹೆಬ್ಬೆರಳಲ್ಲಿ ಒತ್ತು. ಜೋರಾಗಿ ಅಲ್ವೇ, ಹಿಟ್ಟು ನಾದ್ತಾ ಇದ್ದೀಯಾ? ಹೂಂ, ಸಾಕು. ಬಿಗಿಯಾಗಿದೆ. ಇನ್ನು ನಿನ್ನ ಗಾಡಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡು.

ಆಹಾ! ಕೇಳು, ಕೇಳು ಆ ಸದ್ದು... ಕೇಬಲ್ ತೆಗಿ ಈಗ. ಮೀಟರ್ ಹಿಡಿ. ಎಷ್ಟು ತೋರ್ಸುತ್ತೆ? ಹನ್ನೆರಡೇ? ಹದಿನಾಲ್ಕರ ಹತ್ರ ಬರ್ಬೇಕು ಕಣೇ. ಕಮ್ಮಿ ಬೇರೆ ಆಗ್ತಾ ಇದೆಯಾ? ಅಂದ್ರೆ ಬ್ಯಾಟರಿಗೆ ಏನೂ ಹೋಗ್ತಿಲ್ಲ. ಅದು ಕೂತ್ಕೊಂಡು ತನ್ನ ಗಂಟು ಕರಗಿಸ್ತಾ ಇದೆ, ಅಷ್ಟೇ. ಆಫ್ ಮಾಡು, ಆಫ್ ಮಾಡು.

ವೈರ್ ಸಡಿಲ ಆಗಿರ್ಬೇಕು. ಕೆಳಗಡೆ ನೋಡು, ದಪ್ಪ ವೈರು... ಅದೂ ಸರಿ ಇದೆಯಾ? ಇನ್ನೊಂದ್ಸಲ ನೋಡೇ. ನಿನಗೆ ಎಲ್ಲಾದ್ರಲ್ಲೂ ಅವಸರ.

ಏನು? ಕೀ ತಿರುಗಿಸಿದ್ರೆ ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಬರಲ್ವಾ? ಬರ್ದಿದ್ರೆ ಒಳ್ಳೇದೇ ಅಲ್ವಾ! ಕೆಂಪು ದೀಪ ಬಂದ್ರೆ ತಾನೆ ಗಾಬರಿ ಆಗ್ಬೇಕು... ಏನು ಹಾಗೆ ನೋಡ್ತೀಯ? ಹೂಂ, ಗೊತ್ತು. ನನಗೆ ಗೊತ್ತಿಲ್ಲದೇ ಏನು! ಹಳೇ ಗಾಡೀಲಿ ಆ ದೀಪದ ಮೂಲಕಾನೇ ಒಂಚೂರು ಕರೆಂಟ್ ಹೋಗಿ ಆಲ್ಟರ್ನೇಟರ್‌ನ ಎಬ್ಬಿಸ್ಬೇಕು. ದೀಪ ಉರೀಲಿಲ್ಲ ಅಂದ್ರೆ ಅದು ಸುಮ್ನೆ ಸುತ್ತುತ್ತೆ, ಚಾರ್ಜ್ ಮಾಡಲ್ಲ. ತಾತ ನಿನಗೂ ಹೇಳಿದ್ರಾ? ಯಾವಾಗ?

ಬೇಡ ಬೇಡ, ಡ್ಯಾಶ್‌ಬೋರ್ಡ್ ಬಿಚ್ಚಬೇಡ! ಹಳೇದು, ಮುರಿದೀತು. ಫ್ಯೂಸ್ ನೋಡು ಮೊದಲು. ಕಾಫಿ ಮಾಡ್ಲಾ? ಕಾಫಿ ಕುಡಿದು ಆಮೇಲೆ... ಕೈ ಹಾಕ್ಬೇಡ ಅಂದ್ನಲ್ಲ! ಮಾತು ಕೇಳಲ್ಲ ನೀನು, ಥೇಟ್ ನಿಮ್ಮಮ್ಮನೇ...

ಏನಾಯ್ತು?

ಟಾರ್ಚ್ ಯಾಕೆ ಬಿಡ್ತೀಯ ಅಲ್ಲಿಗೆ?

ಅಲ್ಲಿ ಬಲ್ಬಿಲ್ಲ. ಹೂಂ. ಬರೀ ತೂತು. ಎಲ್ಲೋ ಬಿದ್ದಿರ್ಬೇಕು, ಗಾಡಿ ಕುಲುಕಾಡಿ...

ಹಾಗೆ ನೋಡ್ಬೇಡ್ವೇ.

ಸರಿ. ನಾನೇ ತೆಗೆದಿದ್ದು. ತಿರುಗಿಸಿ ಎಳೆದ್ರೆ ಬಂದ್ಬಿಡುತ್ತೆ. ಅವರಿಗೆ ಲೈಟ್ ಹಿಡಿದು ಹಿಡಿದೇ ಕಲಿತಿದ್ದು... ಮೊದಲನೇ ಸಲ ಅದು ತಾನಾಗೇ ಸುಟ್ಟುಹೋಗಿತ್ತು. ಆಗ್ಲೇ ತಾತ ಒಂದೊಂದಾಗಿ ಮರೀತಾ ಇದ್ರು. ಬಚ್ಚಲು ಎಲ್ಲಿ, ಚಪ್ಪಲಿ ಯಾವ್ದು... ಆದ್ರೆ ಬಾನೆಟ್ ಎತ್ತಿದ್ದೇ ತಡ, ಕೈ ತಾನಾಗೇ ಹೋಯ್ತು ಕಣೇ! ಬ್ಯಾಟರಿ, ಬೆಲ್ಟು, ವೈರು, ಕೊನೆಗೆ ಬಲ್ಬು. ‘ಲೈಟ್ ಸರಿಯಾಗಿ ಹಿಡಿಯೇ, ನಿದ್ದೆ ಬಂತಾ’ ಅಂತ ಗದರಿದ್ರು! ನನ್ನ ಗಂಡ ಮನೆಗೆ ಬಂದ ಹಾಗಾಯ್ತು. ರಾತ್ರಿ ಹೊಟ್ಟೆ ತುಂಬ ಊಟ ಮಾಡಿದ್ರು.

ಅದಕ್ಕೇ... ಆಮೇಲೆ ಆಗಾಗ ನಾನೇ ತೆಗೆದಿಡ್ತಿದ್ದೆ. ಅವರು ಹುಡುಕೋರು, ಬೈಯೋರು, ‘ಎಲ್ಲಿ ಬೀಳುತ್ತೋ ಈ ದರಿದ್ರ ಬಲ್ಬು’ ಅನ್ನೋರು. ನಾನು ‘ಅಯ್ಯೋ, ಇಲ್ಲೇ ಬಿದ್ದಿತ್ತು ನೋಡಿ’ ಅಂತ ಕೊಡ್ತಿದ್ದೆ. ನಗು ಬರುತ್ತಾ? ನಗು. ನಾನೂ ನಗ್ತಿದ್ದೆ.

ಹೋದ ವಾರ ಮತ್ತೆ ತೆಗೆದೆ. ಬಾನೆಟ್ ಎತ್ತಿ ಕರೆದೆ. ಬಂದ್ರು. ಟೆಸ್ಟರ್ ಕೈಲಿ ಹಿಡ್ಕೊಂಡು ನಿಂತ್ರು... ನಿಂತೇ ಇದ್ರು. ಆಮೇಲೆ ನನ್ನ ಕಡೆ ತಿರುಗಿ, ‘ಗಾಡಿ ಬಿಟ್ಟು ಹೋಗಿ ಅಮ್ಮಾ, ಸಾಯಂಕಾಲ ಬನ್ನಿ’ ಅಂದ್ರು. ನಮ್ಮ ಮಾತಲ್ಲಿ ಅಲ್ಲ ಕಣೇ. ಇಲ್ಲಿಯವರ ಮಾತಲ್ಲಿ. ಗಿರಾಕಿಗಳ ಹತ್ರ ಆಡ್ತಿದ್ರಲ್ಲ, ಆ ಮಾತಲ್ಲಿ. ಮದುವೆಯಾದಾಗಿಂದ ನನ್ನ ಹತ್ರ ಒಂದು ದಿನವೂ ಆಡಿರ್ಲಿಲ್ಲ.

ಏನು ಮಾಡ್ಲಿ? ‘ಸರಿ’ ಅಂದೆ. ಚಪ್ಪಲಿ ಹಾಕ್ಕೊಂಡು ಹೋದೆ. ಬೀದಿ ಕೊನೇಲಿ ಬಸ್‌ಸ್ಟಾಪಲ್ಲಿ ಕೂತಿದ್ದೆ. ಡ್ರೈವರ್‌ಗಳು ಬಸ್ಸು ನಿಲ್ಸಿ ನಿಲ್ಸಿ ನನ್ನ ಮುಖ ನೋಡಿ ಹೋಗ್ತಿದ್ರು. ಸಂಜೆ ಬಂದು, ‘ಆಯ್ತಾ ಗಾಡಿ?’ ಅಂದೆ.

‘ಇಲ್ಲ ಅಮ್ಮಾ’ ಅಂದ್ರು. ‘ಒಂದು ಸಣ್ಣ ಬಲ್ಬು ಬೇಕು. ನನ್ನ ಹೆಂಡತಿ ತೆಗೆದಿಟ್ಟಿರ್ತಾಳೆ. ನನಗೆ ಕೆಲಸ ಇರ್ಲಿ ಅಂತ ಹಾಗೆ ಮಾಡ್ತಾಳೆ ಅವಳು. ಬರ್ಲಿ, ಕೇಳಿ ಹಾಕ್ಕೊಡ್ತೀನಿ. ಎಲ್ಲಿದೆ ಅಂತ ಅವಳಿಗೆ ಗೊತ್ತು.’

ಗೊತ್ತಿತ್ತು ಕಣೇ ಅವರಿಗೆ! ಎಲ್ಲಾ ಗೊತ್ತಿತ್ತು...

ಏನು? ಕೊಡ್ಬೇಕಿತ್ತು ಅಂತೀಯಾ? ತಕ್ಷಣ ಒಳಗೆ ಓಡಿದೆ. ಸಕ್ಕರೆ ಡಬ್ಬಿ ನೋಡ್ದೆ. ದಿಂಬಿನ ಕೆಳಗೆ. ಕೋಟಿನ ಜೇಬು. ಬಟ್ಟೆ ಬೀರೂ ಪೂರ್ತಿ ಕೆಡವಿದೆ. ದಿನಾ ಹುಡುಕ್ತಾ ಇದ್ದೀನಿ. ಅವರು ದಿನಾ ಆ ಬೆಂಚಿನ ಮೇಲೆ ಕಾಯ್ತಾ ಇದ್ದಾರೆ.

ನೀನೇ ಇಟ್ಟಿದ್ದಲ್ವಾ ಅಜ್ಜಿ ಅಂತೀಯಾ?

ಹೂಂ... ಎಲ್ಲಿಟ್ಟೆ ಅಂತ ನೆನಪಿಲ್ಲ. ಬರೀ ಬಲ್ಬಲ್ಲ. ಬೆಳಿಗ್ಗೆ ನಿನ್ನ ಹೆಸರೂ... ಬಾಗಿಲು ತೆಗೆದಾಗ ‘ಬಾ ಪುಟ್ಟಿ’ ಅಂದ್ನಲ್ಲ, ಅದು ಮುದ್ದಿಗಲ್ಲ.

ಅಳಬೇಡ. ಗ್ರೀಸ್ ಕೈ, ಮುಖಕ್ಕೆಲ್ಲ ಮೆತ್ಕೋತೀಯ. ಸ್ಪೇರ್ ಬಲ್ಬು ಇದೆಯಾ ನಿನ್ನ ಗಾಡೀಲಿ? ತಗೊಂಡ್ಬಾ. ಹಾಕ್ಬೇಡ, ನನಗೆ ಕೊಡು. ಒಳಗೆ ಬಾ. ಇಗೋ, ಹೊಲಿಗೆ ಮಿಷನ್ ಪಕ್ಕ, ಈ ಗುಂಡಿ ಡಬ್ಬೀಲಿ ಹಾಕ್ದೆ. ಇನ್ಮೇಲೆ ಯಾವಾಗ್ಲೂ ಇಲ್ಲೇ. ಕೇಳಿದಾಗ ಕೊಡ್ಬೇಕಲ್ಲ ನಾನು.

ಪೆನ್ನು ತಗೋ. ಬರಿ, ‘ಬಲ್ಬು ಗುಂಡಿ ಡಬ್ಬಿಯಲ್ಲಿದೆ.’ ಕೆಳಗೆ ಬರಿ, ‘ಅವರು ಕಾಯ್ತಿದ್ದಾರೆ.’ ದೊಡ್ಡಕ್ಷರದಲ್ಲಿ ಬರಿ ಮಗಾ. ನಮ್ಮ ಮಾತಲ್ಲೇ ಬರಿ.