ಅಜ್ಜಿ ಅನ್ನದ ಮಗು

ಎರಡು ಸಾವಿರದ ಇಸವಿ ಇರಬೇಕು. ಜಯನಗರದ ಮಕ್ಕಳ ಕ್ಲಿನಿಕ್ಕಿನಲ್ಲಿ ಮಗಳಿಗೆ ಚುಚ್ಚುಮದ್ದು ಹಾಕಿಸಲು ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜಿಯನ್ನು ಒಬ್ಬ ತಾಯಿ ಮಾತಾಡಿಸಿದಳು.

"ಮಗೂಗೆ ಏನಾಗಿದೆ ಆಂಟಿ?"

"ಮಾತೇ ಬರಲ್ಲಮ್ಮ. ಎರಡೂವರೆ ವರ್ಷ ಆಯ್ತು, ಇನ್ನೂ ಅಜ್ಜಿ ಅನ್ನಲ್ಲ."

"ಏನೂ ಅನ್ನಲ್ವಾ?"

"'ಚಿಕ್ಕ ಬ್ರೇಕ್' ಅಂತಾನೆ. ಬಾಯಿಗೆ ತುತ್ತಿಟ್ಟ ತಕ್ಷಣ ಹಾಗಂದು ಓಡಿಹೋಗ್ತಾನೆ."

"ಟಿವಿ ಜಾಸ್ತಿ ನೋಡ್ತಾನಾ?"

"ಅವನೆಲ್ಲಿ ನೋಡ್ತಾನೆ? ನೋಡೋದು ನಾನು. ಅವನು ಸುಮ್ನೆ ನನ್ನ ತೊಡೆ ಮೇಲೆ ಕೂತಿರ್ತಾನೆ."

"ಎಷ್ಟು ಹೊತ್ತು?"

"ಸೀರಿಯಲ್ ಮುಗಿಯೋ ತನಕ."

"ಯಾವ ಸೀರಿಯಲ್ಲು?"

"ಎಲ್ಲಾದೂ."

"ಡಾಕ್ಟ್ರು ಏನಂದ್ರು?"

"ಟಿವಿ ಆಫ್ ಮಾಡಿ, ಮಗು ಜೊತೆ ಮಾತಾಡಿ ಅಂದ್ರು. ಎರಡು ದಿನ ಮಾಡಿದ್ವಿ."

"ಹಠ ಮಾಡಿದ್ನಾ?"

"ಇಲ್ಲಮ್ಮ, ಅವನು ಪಾತ್ರೆ ಬಡ್ಕೊಂಡು ಚೆನ್ನಾಗಿ ಆಡ್ಕೊಂಡಿದ್ದ. ಊಟ ಬಿಟ್ಟು ಕೂತಿದ್ದು ನಾನು. ಕೊನೆಗೆ ನಮ್ಮ ಸೊಸೇನೇ ಟಿವಿ ಹಾಕಿಕೊಟ್ಲು."

ಅಷ್ಟರಲ್ಲಿ ಮಗು ತೊಡೆಯಿಂದ ಜಾರಿ, ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಮುಂದೆ ನಿಂತಿತು. ಮೀನುಗಳನ್ನು ಸ್ವಲ್ಪ ಹೊತ್ತು ನೋಡಿತು. ಗಾಜನ್ನು ಬಡಿದು, ಬೇಸರದಿಂದ ಹಿಂದೆ ತಿರುಗಿತು.

"ಅಜ್ಜೀ, ಬೇರೆ ಚಾನೆಲ್ ಹಾಕು!"

ಅಜ್ಜಿ ಎದ್ದೇಬಿಟ್ಟರು. ಅವರ ಕಣ್ಣು ತುಂಬಿತ್ತು.

"ಅಜ್ಜಿ ಅಂದ! ಕೇಳಿಸ್ಕೊಂಡ್ಯೇನಮ್ಮ? ಅಜ್ಜಿ ಅಂದ!"

ನರ್ಸ್ ಮಗುವಿನ ಹೆಸರು ಕೂಗಿದರು. ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು, ಕೆನ್ನೆಗೆ ಮುತ್ತಿಡುತ್ತಾ, ಡಾಕ್ಟರ ಕೋಣೆಗಲ್ಲ, ಸೀದಾ ಆಟೋ ಸ್ಟ್ಯಾಂಡಿನ ಕಡೆ ನಡೆದರು.