ಹಿಂದಿನ ದೋಣಿಯಲ್ಲಿದ್ದವನು

ದೀಪ ಇರಲಿ, ಆರಿಸೋದು ಬೇಡ. ಇದು ನಮ್ಮ ಪಕ್ಕದ ಬೀದಿಯ ನಾಣಿಗೆ ಆದದ್ದು.

ಕೆಂಗೇರಿ ಉಪನಗರದಲ್ಲಿ ನಮ್ಮ ಪಾರ್ಕಿನ ಮೂಲೆಗೆ ಒಂದು ಹಳೇ ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿರೋದು. ನೀರು ಬತ್ತಿ ಇಪ್ಪತ್ತು ವರ್ಷವಾಯಿತು. ಹೋದ ಡಿಸೆಂಬರಿನಲ್ಲಿ ಒಂದು ರಾತ್ರಿ, ಹನ್ನೊಂದರ ಹೊತ್ತಿಗೆ, ನಾಣಿ ಅದರ ಪಕ್ಕದಲ್ಲೇ ಮನೆಗೆ ನಡೆದು ಬರುತ್ತಿದ್ದ. ಗೆಳೆಯ ಕಶ್ಯಪ ಸತ್ತು ವರ್ಷವಾಗಿತ್ತು. ಅವನ ನೆನಪಿನ ಸಭೆ ಮುಗಿಸಿಕೊಂಡು ಬರುತ್ತಿದ್ದ. ಜೇಬಿನಲ್ಲಿ ಕಶ್ಯಪನ ಕ್ಯಾಮೆರಾದ ಫಿಲ್ಟರ್ ಇತ್ತು.

ಅದು ಅಲ್ಲಿಗೆ ಹೇಗೆ ಬಂತು ಅಂತ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಇಬ್ಬರೂ ಕಾಲೇಜಿನಿಂದ ಜೊತೆ. ಒಂದೇ ದಿನ ಕ್ಯಾಮೆರಾ ಕೊಂಡವರು, ಒಂದೇ ಫೋಟೋ ಕ್ಲಬ್ಬು ಸೇರಿದವರು. ಬಹುಮಾನ ಮಾತ್ರ ಕಶ್ಯಪನಿಗೇ ಬರುತ್ತಿತ್ತು. ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯುತ್ತಿದ್ದವನು ನಾಣಿ. ಅವತ್ತು ರಾತ್ರಿ ಮಾತ್ರ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ಸಭೆಗೆ ಎರಡು ವರ್ಷ ಮೊದಲು ಕ್ಲಬ್ಬಿನವರೆಲ್ಲ ಸಮುದ್ರದ ಮೇಲಿನ ದೋಣಿಗಳ ಫೋಟೋ ತೆಗೆಯಲು ಮಲ್ಪೆಗೆ ಹೋದರು. ನಡು ಬಿಸಿಲಲ್ಲಿ ಸಮುದ್ರ ಕಾಣುವುದಿಲ್ಲ, ಅದರ ಮೇಲಿನ ಕಣ್ಣು ಕೋರೈಸುವ ಹೊಳಪು, ಗ್ಲೇರ್ ಅನ್ನುತ್ತಾರಲ್ಲ, ಅದು ಮಾತ್ರ ಕಾಣುತ್ತದೆ. ಅದಕ್ಕೇ ಲೆನ್ಸಿನ ಮುಂದೆ ಬಳೆಯಂಥದೊಂದು ಗಾಜು ಹಾಕುತ್ತಾರೆ, ಪೋಲರೈಸರ್ ಫಿಲ್ಟರ್ ಅಂತ. ಬಳೆ ತಿರುಗಿಸಿದ ಹಾಗೆ ಗ್ಲೇರ್ ಇಳಿದು, ಅದರಲ್ಲಿ ಅಡಗಿದ್ದೆಲ್ಲ ಹೊರಗೆ ಬರುತ್ತದೆ. ಫೋಟೋ ತೆಗೆಯುವಾಗಲೇ ಹಾಕಬೇಕು. ಅಚ್ಚುಹಾಕಿದ ಫೋಟೋದಿಂದ ಗ್ಲೇರ್ ಕೀಳಲು ಯಾರಿಂದಲೂ ಆಗದು.

ಕಶ್ಯಪನ ಫಿಲ್ಟರಿಗೆ ಮರಳು ಸೇರಿಕೊಂಡು, ತಿರುಗಿಸಿದರೆ ಕರ್... ಕರ್... ಅನ್ನುತ್ತಿತ್ತು. ಗುರುತಿಗೆಂದು ಅದರ ಅಂಚಿಗೆ ಅವನ ಹೆಂಡತಿ ಶುಭಾ ಕೆಂಪು ನೈಲ್ ಪಾಲಿಶಿನ ಚುಕ್ಕೆ ಇಟ್ಟಿದ್ದಳು.

ಅದನ್ನು ಟೀ ಅಂಗಡಿಯ ಬೆಂಚಿನ ಮೇಲಿಟ್ಟು ಕಶ್ಯಪ ಕೈ ತೊಳೆಯಲು ಹೋದ. ನಾಣಿ ಎತ್ತಿ ಜೇಬಿಗೆ ಹಾಕಿಕೊಂಡ.

"ನನ್ನ ಪೋಲರೈಸರ್ ನೋಡಿದ್ಯೇನೋ?"

"ನಿನ್ನ ಸಾಮಾನು ಕಾಯೋಕೆ ಬಂದಿದೀನಾ ನಾನು?"

ಕಶ್ಯಪ ಮುಂದಿನ ದೋಣಿ ಹತ್ತಿದ, ನಾಣಿ ಹಿಂದಿನದು. ನಡುನೀರಿನಲ್ಲಿ ನಾಣಿ ಒಂದೇ ಒಂದು ಸಲ ಫಿಲ್ಟರನ್ನು ಹೊರಗೆ ತೆಗೆದು, ನೋಡಿ, ನಕ್ಕು, ಒಳಗಿಟ್ಟ. ಆ ಬೆಳಕಿನಲ್ಲಿ ಯಾರಿಗೆ ಕಾಣಬೇಕು?

ಫಿಲ್ಟರ್ ಇಲ್ಲದೆ ಕಶ್ಯಪ ಹಿಂದೆ ತಿರುಗಿ ಗ್ಲೇರಿನ ಫೋಟೋವನ್ನೇ ತೆಗೆದ. ಇಡೀ ಚಿತ್ರ ಬೆಳ್ಳಗೆ. ನಡುವೆ ಇದ್ದಿಲಿನಲ್ಲಿ ಗೀಚಿದಂಥ ಮೂರು ದೋಣಿ. ಅದಕ್ಕೆ ಚಿನ್ನದ ಪದಕ ಬಂತು. ತನ್ನ ಫಿಲ್ಟರ್ ಹಾಕಿ ನಾಣಿ ತೆಗೆದ ಫೋಟೋದಲ್ಲಿ ಹಗ್ಗದ ಗಂಟುಗಳನ್ನು ಎಣಿಸಬಹುದಿತ್ತು. 'ಸ್ಪಷ್ಟವಾಗಿದೆ' ಎಂದು ಬರೆದು ತೀರ್ಪುಗಾರರು ವಾಪಸು ಕಳಿಸಿದರು.

ಆಮೇಲೊಂದು ದಿನ, ಗಣಿತದ ಮೇಷ್ಟ್ರಾಗಿದ್ದ ಕಶ್ಯಪ ಕ್ಲಾಸಿನಲ್ಲಿ ಲೆಕ್ಕ ಬಿಡಿಸುತ್ತಲೇ ಕುಸಿದುಬಿದ್ದು ಸತ್ತ. ನಾಣಿ ನಿಜವಾಗಿ ಅತ್ತ. ಇನ್ನಾದರೂ ಪೈಪೋಟಿ ಮುಗಿಯಿತು ಅಂತಲೂ ಅಂದುಕೊಂಡ. ಮುಗಿಯಲಿಲ್ಲ. ಕ್ಲಬ್ಬಿನ ಹಾಲಿನಲ್ಲಿ ನಡೆದ ನೆನಪಿನ ಸಭೆಯಲ್ಲಿ ಕಾರ್ಯದರ್ಶಿ ಕೊಟ್ರೇಶ್ ಆ ಚಿತ್ರವನ್ನು ಬಾಗಿಲಷ್ಟು ದೊಡ್ಡದಾಗಿ ಅಚ್ಚುಹಾಕಿಸಿ, ಹಾರ ಹಾಕಿ, ಕೆಳಗೆ ಚೀಟಿ ಅಂಟಿಸಿದ್ದರು: 'ಮಲ್ಪೆ, ಮಧ್ಯಾಹ್ನ. ಫಿಲ್ಟರ್ ಬಳಸಿಲ್ಲ.' ನಾಣಿಗೆ ಕೊಟ್ಟಿದ್ದು ವಂದನಾರ್ಪಣೆ.

ಕಶ್ಯಪನ ಕ್ಯಾಮೆರಾ ಬ್ಯಾಗನ್ನು ಶುಭಾ ಅವತ್ತು ಕ್ಲಬ್ಬಿಗೆ ಕೊಟ್ಟಳು. ಫಿಲ್ಟರನ್ನು ಸದ್ದಿಲ್ಲದೆ ಅದಕ್ಕೆ ಸೇರಿಸಿಬಿಡಬೇಕೆಂದೇ ನಾಣಿ ಜೇಬಿನಲ್ಲಿ ತಂದಿದ್ದ. ಅಷ್ಟರಲ್ಲಿ ಅವಳೇ ಅಂದಳು, "ಎಲ್ಲಾ ಇದೆ ನಾಣಿ ಅಣ್ಣ, ಆ ಪೋಲರೈಸರ್ ಒಂದಿಲ್ಲ. ಕೊನೇವರೆಗೂ ಹುಡುಕ್ತಾನೇ ಇದ್ರು."

ನಾಣಿಯ ಕೈ ಜೇಬಿನಲ್ಲೇ ಉಳಿಯಿತು.

ಬಾವಿಯ ಹತ್ತಿರ ಬಂದವನು ಆಚೀಚೆ ನೋಡಿದ. ಯಾರೂ ಇಲ್ಲ. ಫಿಲ್ಟರನ್ನು ಜಾಲರಿಯ ಸಂದಿನಲ್ಲಿ ಬಿಟ್ಟ. ಕಲ್ಲಿಗೆ ಬಿದ್ದ ಸದ್ದಿಗೆ ಕಾದ.

ಸದ್ದು ಬರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ... ತಪ್... ತಪ್... ಮರದ ಹಲಗೆಗೆ ನೀರು ತಟ್ಟುವ ಸದ್ದು. ಒಣ ಬಾವಿಯೊಳಗಿಂದ. ಹಿಂದೆಯೇ ಹಸಿ ಮೀನಿನ ವಾಸನೆ. ಆಮೇಲೆ ತೀರಾ ಕೆಳಗಿನಿಂದ... ಕರ್... ಕರ್...

"ನಾಣೀ..."

ಪಿಸುಮಾತು. ಗುರುತು ಹಿಡಿಯಲು ಕಷ್ಟವೇನೂ ಆಗಲಿಲ್ಲ.

"ಸ್ವಲ್ಪ ತಾಳು ಕಣೋ... ಇನ್ನೂ ಗ್ಲೇರ್ ಇದೆ."

ಓಡಬೇಕಿತ್ತು. ಆದರೆ ಬಾಯಿ ಸುಮ್ಮನಿರಲಿಲ್ಲ. ಅಂಥ ಹೊತ್ತಿನಲ್ಲೂ ನಾಣಿ ಪಿಸುಗುಟ್ಟಿದ್ದು ಇದು: "ಚಿನ್ನದ ಪದಕ ಬಂತಲ್ಲೋ ನಿಂಗೆ. ಇನ್ನೇನು ಬೇಕು?"

"ಪದಕಕ್ಕಲ್ಲ ಕಣೋ... ಹಿಂದಿನ ದೋಣೀಲಿ ಯಾರೋ ನಿಂತಿದಾರೆ... ಮುಖ ಕಾಣ್ತಿಲ್ಲ."

ಕರ್... ಕರ್...

"ಹಾಂ... ಈಗ ಸರಿಹೋಯ್ತು."

ಟಕ್. ಕ್ಯಾಮೆರಾ ಕ್ಲಿಕ್ಕಿಸಿದ ಸದ್ದು.

ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಚಪ್ಪಲಿ ಮಾತ್ರ ಬಾವಿಯ ಹತ್ತಿರವೇ ಉಳಿದಿತ್ತು. ಬೆಳಿಗ್ಗೆ ಎಂಟಕ್ಕೆ ಶುಭಾಳ ಫೋನು. "ನಾಣಿ ಅಣ್ಣ, ಹಾಲ್ ಹತ್ರ ಒಂದ್ಸಲ ಬರ್ತೀರಾ?"

ಹೋದ. ಚಿತ್ರದ ಮುಂದೆ ಶುಭಾ, ಕೊಟ್ರೇಶ್ ಇಬ್ಬರೂ ನಿಂತಿದ್ದರು. ಅದೇ ಚೌಕಟ್ಟು, ಅದೇ ಹಾರ. ಗ್ಲೇರ್ ಮಾತ್ರ ಇರಲಿಲ್ಲ. ಸಮುದ್ರ ಕಡುಹಸಿರಾಗಿತ್ತು. ಮೂರು ದೋಣಿಗೂ ಬಣ್ಣ ಬಂದಿತ್ತು, ಜನರಿಗೆ ಮುಖ ಬಂದಿತ್ತು. ಹಿಂದಿನ ದೋಣಿಯಲ್ಲಿ ನಾಣಿ ನಿಂತಿದ್ದ. ಎರಡು ಬೆರಳಿನಲ್ಲಿ ಏನನ್ನೋ ಎತ್ತಿ ಹಿಡಿದು, ನಗುತ್ತಾ.

"ಲ್ಯಾಬಿನವರು ಏನೋ ಎಡವಟ್ಟು ಮಾಡಿದಾರೆ," ಅಂದರು ಕೊಟ್ರೇಶ್. "ಆದರೂ ಒಂದು ಮಾತು ನಾಣಿ, ಫೋಟೋದಲ್ಲಿ ನೀವು ಚೆನ್ನಾಗಿ ಬಂದಿದೀರ."

ಶುಭಾ ಚಿತ್ರದ ಹತ್ತಿರ ಹೋಗಿ, ಆ ಬೆರಳುಗಳ ನಡುವಿನ ಕೆಂಪು ಚುಕ್ಕೆಯನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿದಳು.

"ಇದು ನನ್ನ ನೈಲ್ ಪಾಲಿಶ್ ಅಲ್ವಾ, ನಾಣಿ ಅಣ್ಣ?"

ಅವತ್ತಿನಿಂದ ನಾಣಿ ಕ್ಲಬ್ಬಿಗೆ ಹೋಗಿಲ್ಲ. ಪಾರ್ಕಿನ ಕಡೆಗೂ ಹೋಗುವುದಿಲ್ಲ, ಸುತ್ತಿಕೊಂಡು ಬರುತ್ತಾನೆ.

ಕಟ್ಟುಕತೆ ಅನ್ನುವವರು ಅನ್ನಲಿ. ಚಿತ್ರ ಈಗಲೂ ಹಾಲಿನಲ್ಲೇ ಇದೆ, ಭಾನುವಾರ ಬಾಗಿಲು ತೆಗೆದಿರುತ್ತಾರೆ. ಕೆಳಗಿನ ಚೀಟಿಯನ್ನು ಯಾರೂ ಬದಲಾಯಿಸಿಲ್ಲ. 'ಫಿಲ್ಟರ್ ಬಳಸಿಲ್ಲ' ಅಂತಲೇ ಇದೆ.