ಉಂಡು ಬಂದೇನ್ರಿ

ಬಬಲೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದ ಬ್ಯಾಂಕ್ ಉದ್ಯೋಗಿ ಮೃಣಾಲ ಕಿವಿ ಮುಚ್ಚಿಕೊಂಡರೂ ಆ ಮಾತು ಕೇಳಿಸುತ್ತಿತ್ತು. ಪಕ್ಕದ ಬೆಂಚಿನಲ್ಲಿ ಮಮದಾಪುರದ ತುಂಗಾಬಾಯಿಯವರು ತಮ್ಮ ಊರಿನ ಸೀತವ್ವನಿಗೆ ಹೇಳುತ್ತಿದ್ದರು. ಬೆಂಚಿನಲ್ಲಿ ಜಾಗವಿದ್ದರೂ ಸೀತವ್ವ ನೆಲಕ್ಕೇ ಕೂತಿದ್ದಳು.

“ನಮ್ಮೂರ ಹಳೇ ಕೆರಿ ಅಭ್ಯಾಸ ಮಾಡ್ತೇನಿ ಅಂತ ಬಂದು ವರ್ಷಾತು ಆ ಜರ್ಮನಿಯಾಕಿ. ಕೆರೀಕಿಂತ ನಮ್ಮ ಅಡಗೀಮನೀನ ಹೆಚ್ಚು ಅಭ್ಯಾಸ ಮಾಡ್ಯಾಳ.”

“ಏನ್ ಮಾಡಿದ್ಳರಿ, ಅಕ್ಕಾರ?”

“ನಿನ್ನೆ ಮನಿ ಮುಂದ ಹೊಂಟಿದ್ಲು. ಬಾರವಾ, ಊಟಾ ಮಾಡೋಣು ಅಂದೆ. ಬಂದು ಕೂತೇಬಿಟ್ಲು.”

“ನೀವು ಕರದ್ರಿ, ಆಕಿ ಬಂದಾಳ.”

“ಕರೀದ ಇರ್ಲಿಕ್ಕೆ ಆಗ್ತದೇನು? ಈಗಷ್ಟ ಉಂಡು ಬಂದೇನ್ರಿ ಅಂತ ಹೇಳಿ ಮುಂದ ಹೋಗಬೇಕು. ವರ್ಷ ಇದ್ರೂ ಅಷ್ಟು ತಿಳೀಬಾರದ? ಅದೂ ನಿಮ್ಮ ಓಣ್ಯಾಗ ರೊಟ್ಟಿ ತಿಂದಾಕಿ ಸೀದಾ ನಮ್ಮ ಒಲಿ ತನಕ ಬಂದ್ಲು.”

“ಹೌದ್ರಿ, ನಮ್ಮನ್ಯಾಗ ತಿಂದಿದ್ಳು.”

“ಮತ್ತ? ನೋಡಿದವರು ಏನಂದಾರು?”

ಸೀತವ್ವ ನೆಲದಿಂದಲೇ ತಲೆ ಎತ್ತಿ ನೋಡಿದಳು.

“ನೀವು ನನ್ನೂ ದಿನಾ ಕರೀತೀರಲ್ರಿ, ಅಕ್ಕಾರ.”

“ಕರೀತೇನಿ. ನಿನಗ ರೀತಿ ಗೊತ್ತದ. ಉಂಡೇನ್ರಿ ಅಂತ ಹೇಳಿ ಹೋಗ್ತಿ. ಆಕಿ ಇಷ್ಟು ಓದ್ಯಾಳ, ನಿನ್ನಷ್ಟು ಬುದ್ಧಿ ಇಲ್ಲ.”

ಮಮದಾಪುರದ ಬಸ್ಸು ಬಂದು ನಿಂತಿತು. ಸೀತವ್ವ ಸೀರೆಯ ಧೂಳು ಕೊಡವಿ ಎದ್ದಳು. ತುಂಗಾಬಾಯಿಯವರು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅವಳು ಬಸ್ಸಿನ ಮೆಟ್ಟಿಲ ಮೇಲಿದ್ದಳು.

“ಇಷ್ಟು ದಿನ ಉಪಾಸ ಇದ್ದಾಗೂ ಉಂಡೇನಿ ಅಂದೇನ್ರಿ,” ಎಂದಳು ತಿರುಗಿ. “ನಾಳೆ ಕರದು ನೋಡ್ರಿ.”